ಪೀಜಿಯ ವೈಫೈ ಪಾಳಿ: 24 ಮಂದಿಗೆ ಒಂದು ಲೈನ್ ಹಂಚುವ ಬಗೆ

ಧಾರವಾಡದ ಸಪ್ತಾಪುರ, ಕಲ್ಯಾಣನಗರದ ಕಡೆ ಕೋಚಿಂಗಿಗೆ ಬಂದವರ ಪೀಜಿಗಳಲ್ಲಿ ರಾತ್ರಿ ಒಂಬತ್ತಾಯಿತೆಂದರೆ ಒಂದೇ ದೂರು: ‘ನೆಟ್ ಬರವಲ್ದು.’ ಆಗ ಮಾಲೀಕರು ಪ್ಲ್ಯಾನ್ ದೊಡ್ಡದು ಮಾಡಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ನಾಲ್ಕು ಆಂಟೆನಾದ ರೌಟರ್ ತಂದು, ತಲೆಗೆ ಇಂತಿಷ್ಟು ಎಂದು ವೇಗ ಕತ್ತರಿಸುತ್ತಾರೆ. ಎರಡೂ ಬಹುತೇಕ ದಂಡ. ಮೊದಲು ಹಂಚಬೇಕಾದದ್ದು ಗಾಳಿಯಲ್ಲಿನ ಸಮಯ, ಆಮೇಲೆ ಲೈನ್. ತಲೆಗಿಷ್ಟು ಎಂಬ ಮಿತಿ ಕಟ್ಟಕಡೆಗೆ.

ಲೆಕ್ಕಕ್ಕೆ ಮೂರು ಅಂತಸ್ತಿನ ಕಟ್ಟಡ, 24 ಮಂದಿ, 200 ಎಂಬಿಪಿಎಸ್ ಫೈಬರ್ ಎಂದಿಟ್ಟುಕೊಳ್ಳಿ.

ತೊಡಕು ಎಲ್ಲಿದೆ, ಮೊದಲು ಅದನ್ನು ಹಿಡಿಯಿರಿ

ಗದ್ದಲದ ಹೊತ್ತಿನಲ್ಲಿ, ದೂರು ಬಂದ ಕೋಣೆಯಿಂದಲೇ ಎರಡು ಪಿಂಗ್ (ಪ್ಯಾಕೆಟ್ ಹೋಗಿ ಬರಲು ಹಿಡಿಯುವ ಸಮಯ ಅಳೆಯುವ ಆಜ್ಞೆ) ಓಡಿಸಿ. ಒಂದು ರೌಟರ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದು ಹೊರಗೆ ಗೂಗಲ್‌ನ 8.8.8.8ಕ್ಕೆ. ರೌಟರ್‌ಗೇ ನೂರಾರು ಮಿಲಿಸೆಕೆಂಡ್ ಹಿಡಿಯುತ್ತಿದ್ದರೆ ತೊಡಕು ಗಾಳಿಯಲ್ಲಿದೆ; ಪ್ಲ್ಯಾನ್ ಎಷ್ಟು ಏರಿಸಿದರೂ ಅಷ್ಟೇ. ರೌಟರ್‌ಗೆ ಐದು-ಹತ್ತರೊಳಗಿದ್ದು ಹೊರಗಿನದು ಮಾತ್ರ ಏರಿದರೆ ತೊಡಕು ಲೈನಿನದು.

ಗಾಳಿಯ ಪಾಳಿ

ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಬ್ಬರದೇ ಮಾತು. ರೌಟರ್ ಪಕ್ಕದ ಫೋನ್ 65 ಎಂಬಿಪಿಎಸ್‌ಗೆ, ಕೊನೆಯ ಕೋಣೆಯ ಫೋನ್ 6.5ಕ್ಕೆ ಕೂಡಿಕೊಂಡಿದೆ ಎನ್ನಿ. ರೌಟರ್ ಇಬ್ಬರಿಗೂ ಸರದಿಯಂತೆ ಒಂದೊಂದು ಪ್ಯಾಕೆಟ್ ಕೊಡುತ್ತ ಹೋದರೆ ಇಬ್ಬರಿಗೂ ಸಿಗುವುದು ಹೆಚ್ಚೂಕಡಿಮೆ 5.9. ಅದೇ ಸಮಯ ಸಮಪಾಲು ಮಾಡಿದರೆ ಮೊದಲನೆಯವನಿಗೆ 32, ಎರಡನೆಯವನಿಗೆ 3.2. ನಳದ ಮುಂದೆ ಸಣ್ಣ ಬಾಯಿಯ ಕೊಡ ಹಿಡಿದು ನಿಂತವರಿಗೆ ಕೊಡ ತುಂಬುವತನಕ ಪಾಳಿ ಬಿಟ್ಟುಕೊಟ್ಟರೆ ಹಿಂದಿನವರ ಗತಿ ಏನಾಗುತ್ತದೋ, ಇಲ್ಲೂ ಅದೇ.

ಹಾಗಾಗಿ ವೈರ್‌ಲೆಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ‘ಏರ್‌ಟೈಮ್ ಫೇರ್‌ನೆಸ್’ ಇದ್ದರೆ ಆನ್ ಮಾಡಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೌಟರ್ ತಂತ್ರಾಂಶ ಹಾಕಿದ ಹಲವು ರೌಟರ್‌ಗಳಲ್ಲಿ ಇದು ತಾನಾಗಿಯೇ ನಡೆಯುತ್ತಿರುತ್ತದೆ. ಹಳೆಯ ವೈಫೈ ಕ್ಯಾಮೆರಾ ಪದೇ ಪದೇ ಬಿಟ್ಟುಹೋಗತೊಡಗಿದರೆ ಅದನ್ನು ಕೇಬಲ್‌ಗೆ ಹಾಕಿ, ಸೆಟ್ಟಿಂಗ್ ಹಾಗೇ ಇರಲಿ.

ನಾಲ್ಕು ಆಂಟೆನಾ ಎಂದರೆ ನಾಲ್ಕು ಪಟ್ಟು ಅಲ್ಲ. ಎಸಿ 1200 ಎಂದು ಬರೆದ ರೌಟರ್‌ಗೆ ನಾಲ್ಕು ಕೋಲಿದ್ದರೂ ಒಂದೊಂದು ಬ್ಯಾಂಡಿಗೆ ಸಿಗುವುದು ಎರಡೇ ಧಾರೆ (ಒಮ್ಮೆಗೆ ಸಾಗುವ ಡೇಟಾ ಹರಿವು). ಫೋನ್‌ಗಳಲ್ಲೂ ಎರಡೇ, ಅಗ್ಗದವುಗಳಲ್ಲಿ ಒಂದೇ. ಒಂದೇ ಹೊತ್ತಿಗೆ ಹಲವರಿಗೆ ಕಳಿಸುವ ಎಂಯು-ಮಿಮೋ ಕೆಲಸ ಮಾಡಬೇಕಾದರೆ ಫೋನ್‌ಗಳೂ ಅದಕ್ಕೆ ಒದಗಬೇಕು, ಬೇರೆ ಬೇರೆ ದಿಕ್ಕಿನಲ್ಲೂ ಇರಬೇಕು. ಒಂದೇ ಮಂಚದ ಮೇಲೆ ಕೂತ ಇಬ್ಬರಿಗೆ ಅದರಿಂದ ಲಾಭ ಕಡಿಮೆ. ಪೀಜಿಯಲ್ಲಿ ಹೆಚ್ಚು ಉಪಯೋಗ ವೈಫೈ 6ರ ಒಎಫ್‌ಡಿಎಂಎ: 20 ಮೆಗಾಹರ್ಟ್ಸ್ ಚಾನೆಲ್ ಒಂದನ್ನೇ ಒಂಬತ್ತು ಸಾಧನಗಳವರೆಗೆ ಏಕಕಾಲಕ್ಕೆ ಹಂಚುತ್ತದೆ. ಚಿಕ್ಕ ಚಿಕ್ಕ ಮೆಸೇಜುಗಳ ಗದ್ದಲಕ್ಕೆ ಇದೇ ಮದ್ದು.

2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್, ಚಾನೆಲ್ ಸಂಖ್ಯೆ 1, 6, 11, ಮಹಡಿಗೊಂದು. 40 ಇಟ್ಟರೆ ಪಕ್ಕದ ಪೀಜಿಯವರೊಂದಿಗೂ ಜಗಳ. 5 ಗಿಗಾಹರ್ಟ್ಸ್‌ನಲ್ಲಿ 36, 52, 149ರಿಂದ ಶುರುವಾಗುವ 80 ಅಗಲದ ಚಾನೆಲ್‌ಗಳು. 52ರದ್ದು ರಾಡಾರ್ ಕಂಡಿತೆಂದು ತಾನೇ ಜಾಗ ಬಿಟ್ಟರೆ ಗಾಬರಿಯಾಗಬೇಡಿ, ಅದು ನಿಯಮ.

ಹಳೆಯ 802.11ಬಿ ವೇಗಗಳನ್ನು (1, 2, 5.5, 11) ಬಂದ್ ಮಾಡಿ. ಬೀಕನ್ (ರೌಟರ್ ತನ್ನ ಹೆಸರು ಸಾರುವ ಸಂಕೇತ) 1 ಎಂಬಿಪಿಎಸ್‌ನಲ್ಲಿ ಹೊರಟರೆ ಒಂದೊಂದು ವೈಫೈ ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಸಲ ಎರಡು-ಮೂರು ಮಿಲಿಸೆಕೆಂಡ್ ತಿನ್ನುತ್ತದೆ. ‘ಆಫೀಸ್’, ‘ಗೆಸ್ಟ್’, ‘ಮೇಲ್ಮಹಡಿ’ ಎಂದು ಐದು ಹೆಸರಿಟ್ಟರೆ ಹತ್ತನೇ ಒಂದು ಪಾಲು ಸಮಯ ಹೆಸರು ಕೂಗುವುದರಲ್ಲೇ ಹೋಯಿತು.

ಆರ್‌ಸಿಸಿ ಸ್ಲ್ಯಾಬ್ ದಾಟಿಸಲು ಹೆಣಗುವುದಕ್ಕಿಂತ ಮಹಡಿಗೊಂದು ಆಕ್ಸೆಸ್ ಪಾಯಿಂಟ್ (ಎಪಿ, ವೈಫೈ ಹರಡುವ ಪೆಟ್ಟಿಗೆ) ಕೇಬಲ್‌ನಲ್ಲಿ ಕೊಡಿ. ಕ್ಯಾಟ್ 6, ಪೂರ್ತಿ ತಾಮ್ರದ್ದು. ಅಂಗಡಿಯಲ್ಲಿ ಸೋವಿ ಸಿಗುವುದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇದ್ದದ್ದು; ತುದಿ ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಬಗ್ಗಿಸಿದಲ್ಲಿ ಮುರಿಯುತ್ತದೆ. ನಾಲ್ಕು ಜೋಡಿಗಳಲ್ಲಿ ಒಂದು ಕೆಟ್ಟರೂ ಗಿಗಾಬಿಟ್ ಲಿಂಕ್ ಎಷ್ಟೋ ಸಲ 100ಕ್ಕೆ ಇಳಿದು ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಲೈನಿನ ಪಾಲು

ಓಪನ್‌ಡಬ್ಲ್ಯುಆರ್‌ಟಿ ಇದ್ದರೆ ಅದರ ಸೆಟ್ಟಿಂಗ್ ಪುಟವಾದ ಲೂಸಿಯಲ್ಲಿ, ಲೈನಿನ ಸಾಲು (ಕ್ಯೂ) ನಿಭಾಯಿಸುವ ಎಸ್‌ಕ್ಯುಎಂ ಪ್ಯಾಕೇಜ್ ಹಾಕಿ. ಕೇಬಲ್ ಚುಚ್ಚಿದ ಲ್ಯಾಪ್‌ಟಾಪಿನಿಂದ ರಾತ್ರಿಯೇ ವೇಗ ಅಳೆಯಿರಿ. 190 ಬಂದರೆ ಡೌನ್‌ಲೋಡ್ 170000 ಕಿಲೋಬಿಟ್, ಅಪ್‌ಲೋಡ್‌ಗೂ ಅದೇ ರೀತಿ ಶೇ. 90. ಮಧ್ಯಾಹ್ನದ ಅಳತೆ ನಂಬಿದರೆ, ರಾತ್ರಿ ಲೈನ್ 150ಕ್ಕೆ ಕುಸಿದಾಗ ಸಾಲು ಕಂಪನಿಯ ಕಡೆ ಕಟ್ಟಿಕೊಳ್ಳುತ್ತದೆ. ನಿಮ್ಮ ರೌಟರ್‌ಗೆ ಅದರ ಸುದ್ದಿಯೇ ಇರುವುದಿಲ್ಲ.

ಕ್ಯೂ ಬಗೆ ‘ಕೇಕ್’, ಸ್ಕ್ರಿಪ್ಟ್ ‘ಪೀಸ್ ಆಫ್ ಕೇಕ್’, ಲಿಂಕ್ ಲೇಯರ್ ಈಥರ್ನೆಟ್, ಓವರ್‌ಹೆಡ್ 44. ಮುಂದುವರಿದ ಆಯ್ಕೆಯಲ್ಲಿ ಒಳಬರುವುದಕ್ಕೆ ‘ನ್ಯಾಟ್ ಡ್ಯುಯಲ್-ಡಿಎಸ್‌ಟಿಹೋಸ್ಟ್’, ಹೊರಹೋಗುವುದಕ್ಕೆ ‘ನ್ಯಾಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್’. ಆಗ ಪಾಲು ಸಾಧನದ ಲೆಕ್ಕಕ್ಕೆ ಬೀಳುತ್ತದೆ; ಟೊರೆಂಟ್‌ನವನು ಐವತ್ತು ಸಂಪರ್ಕ ತೆರೆದರೂ ಅವನಿಗೆ ಒಬ್ಬನ ಪಾಲೇ. ‘ನ್ಯಾಟ್’ (ಒಳಗಿನ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಎಂಬ ಪದ ಬಿಟ್ಟರೆ ಎಲ್ಲರೂ ಒಂದೇ ವಿಳಾಸದಂತೆ ಕಂಡು ಈ ಹಂಚಿಕೆ ನಡೆಯುವುದಿಲ್ಲ. ಮಹಡಿಯ ಸಾಧನಗಳನ್ನು ರೌಟರ್ ಮೋಡ್‌ನಲ್ಲಿ ಬಿಟ್ಟರೂ ಅದೇ ಕಥೆ: ಇಡೀ ಮಹಡಿಗೆ ಒಬ್ಬನ ಪಾಲು. ಅವನ್ನು ‘ಎಪಿ ಮೋಡ್’ಗೆ ತನ್ನಿ. ಹಾರ್ಡ್‌ವೇರ್ ಆಫ್‌ಲೋಡಿಂಗ್ ಆಫ್ ಇರಲಿ, ಇಲ್ಲದಿದ್ದರೆ ಟ್ರಾಫಿಕ್ ಈ ಕ್ಯೂ ತಪ್ಪಿಸಿ ಹೋಗುತ್ತದೆ.

ಮೈಕ್ರೋಟಿಕ್ ರೌಟರ್ ಇದ್ದವರು ಪಿಸಿಕ್ಯೂ (ವಿಳಾಸಕ್ಕೊಂದು ಸಮಪಾಲು ಕೊಡುವ ಕ್ಯೂ) ಬಳಸಬಹುದು: ಡೌನ್‌ಲೋಡ್‌ಗೆ ಡೆಸ್ಟಿನೇಶನ್ ವಿಳಾಸ, ಅಪ್‌ಲೋಡ್‌ಗೆ ಸೋರ್ಸ್ ವಿಳಾಸ, ರೇಟ್ 0, ಸಿಂಪಲ್ ಕ್ಯೂನ ಮ್ಯಾಕ್ಸ್ ಲಿಮಿಟ್ 170M. ಫಾಸ್ಟ್‌ಟ್ರ್ಯಾಕ್ ನಿಯಮ ಡಿಸೇಬಲ್ ಮಾಡದಿದ್ದರೆ ಟ್ರಾಫಿಕ್ ಈ ಕ್ಯೂ ಮುಟ್ಟದೆಯೇ ದಾಟಿಹೋಗುತ್ತದೆ.

ಮಿತಿ ಯಾರಿಗೆ

170ನ್ನು 24ರಿಂದ ಭಾಗಿಸಿ ತಲೆಗೆ 7 ಎಂದು ಬಿಗಿದರೆ, ಇಪ್ಪತ್ತು ಮಂದಿ ಲೈಬ್ರರಿಗೆ ಹೋದಾಗಲೂ ಉಳಿದ ನಾಲ್ವರಿಗೆ ಅದೇ 7. ಮೇಲಾಗಿ ಆಂಡ್ರಾಯ್ಡ್ 10, ಐಒಎಸ್ 14ರಿಂದೀಚೆ ಫೋನ್‌ಗಳು ಸಾಮಾನ್ಯವಾಗಿ ನಿಜವಾದ ಮ್ಯಾಕ್ ವಿಳಾಸ (ಸಾಧನದ ಗುರುತು ಸಂಖ್ಯೆ) ತೋರಿಸುವುದಿಲ್ಲ. ಆ ವಿಳಾಸ ನೋಡಿ ಮಾಡಿದ ಹಳೆಯ ಪಟ್ಟಿ ಸುಳ್ಳಾಗುತ್ತದೆ. ಮಿತಿ ಹಾಕುವುದಾದರೆ ಅಲುಗಾಡದ ಸಾಧನಗಳಿಗೆ ಹಾಕಿ. ಕ್ಲೌಡ್‌ಗೆ ದೃಶ್ಯ ಕಳಿಸುವ ಸಿಸಿಟಿವಿ ಡಿವಿಆರ್‌ಗೆ ಅಪ್‌ಲೋಡ್ 4, ಊಟದ ಹಾಲಿನ ಟಿವಿಗೆ ಡೌನ್‌ಲೋಡ್ 8 ಸಾಕು, ಎಚ್‌ಡಿ ನಿಲ್ಲದೆ ಓಡುತ್ತದೆ.