ಹೊಂಡದಲ್ಲಿ ಜಾತಿಗಳು ಹೆಚ್ಚಿದರೆ ನನಗೇಕೆ ಅನುಮಾನ

ಕರಾವಳಿಯ ಜೌಗುನೆಲಗಳಲ್ಲಿ ಸಣ್ಣ ಕಠಿಣಚರ್ಮಿಗಳ (ಏಡಿ, ಸೀಗಡಿಗಳ ಬಳಗದ ಜೀವಿಗಳ) ಮೇಲೆ ಮನುಷ್ಯರ ಹಸ್ತಕ್ಷೇಪದ ಪರಿಣಾಮವನ್ನು ಅಳೆಯಲು ಹೊರಟಾಗ, ನಾನು ಮೊದಲು ಅಳೆದದ್ದು ಉಪ್ಪನ್ನು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಜೌಗಿನಲ್ಲಿ ಅದು ಹೊಂಡದಿಂದ ಹೊಂಡಕ್ಕೆ, ಋತುವಿನಿಂದ ಋತುವಿಗೆ ಏರಿಳಿಯುತ್ತದೆ. ಉಪ್ಪೇರಿದಂತೆ ನೀರುಚಿಗಟಗಳೆಂಬ ಕಠಿಣಚರ್ಮಿಗಳು ಕಡಿಮೆಯಾಗಿ, ತಾಳಿಕೊಳ್ಳಬಲ್ಲ ಕೆಲವು ಕೋಪೆಪಾಡ್ (ಹುಟ್ಟಿನಂಥ ಕಾಲುಗಳವು), ಆಸ್ಟ್ರಕಾಡ್ (ಜೋಡಿಚಿಪ್ಪಿನೊಳಗಿರುವವು) ಜಾತಿಗಳಷ್ಟೇ ಉಳಿಯುತ್ತವೆ. ಇದಕ್ಕೆ ಮಾಲಿನ್ಯವನ್ನು ದೂರುವಂತಿಲ್ಲ. ಆದ್ದರಿಂದ ಉಪ್ಪಿನಂಶ ಹೆಚ್ಚುಕಡಿಮೆ ಒಂದೇ ಇದ್ದು, ಸುತ್ತಲಿನ ಭೂಬಳಕೆ ಬೇರೆಯಾಗಿದ್ದ ಹೊಂಡಗಳನ್ನೇ ಜೋಡಿಮಾಡಿ ಹೋಲಿಸಿದೆ.

ಸೋಸಲು 63 ಮೈಕ್ರಾನ್ ಜಾಲರಿ ಬಳಸಿದೆ. ತೆರೆದ ನೀರು, ಗಿಡಗಳ ನಡುವೆ, ಕೆಸರಿನ ಮೇಲ್ಪದರ ಮೂರೂ ಕಡೆ ಬಲೆಯಾಡಿಸಬೇಕು. ಆಸ್ಟ್ರಕಾಡ್‌ಗಳಲ್ಲಿ ಬಹುಪಾಲು ತಳವಾಸಿಗಳು. ನೀರುಚಿಗಟಗಳನ್ನು ಮಾದರಿ ಕೆಡದಂತಿಡುವ ಫಾರ್ಮಲಿನ್‌ ದ್ರಾವಣಕ್ಕೆ ಬರಿದೇ ಹಾಕಿದರೆ ಉಬ್ಬಿಕೊಂಡು ಮೊಟ್ಟೆಗಳನ್ನು ಹೊರಚೆಲ್ಲುತ್ತವೆ. ಅದಕ್ಕೆ ಸಕ್ಕರೆ ಬೆರೆಸಿಕೊಂಡರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ. ಕೋಪೆಪಾಡ್‌ಗಳನ್ನು ಗುರುತಿಸಲು ಐದನೆಯ ಜೋಡಿ ಕಾಲನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಬೇಕು, ಅದೂ ಪ್ರೌಢ ಜೀವಿಗಳದ್ದು. ಮರಿಗಳಿಗೆ ಊಹೆಯ ಮೇಲೆ ಜಾತಿಯ ಹೆಸರು ಹಚ್ಚುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಅವನ್ನು ಪ್ರತ್ಯೇಕವಾಗಿ ಎಣಿಸಿಟ್ಟೆ.

ಗೊಬ್ಬರದ ನೀರು ಹರಿದು ಬರುವ ಹೊಂಡಗಳಲ್ಲಿ ಜೀವಿಗಳು ಕಿಕ್ಕಿರಿದಿದ್ದವು, ಆದರೆ ಹೆಚ್ಚಿನವು ಒಂದೆರಡು ಜಾತಿಗಳವು. ಸೊಳ್ಳೆ ನಿಯಂತ್ರಣಕ್ಕೆಂದು ಗ್ಯಾಂಬೂಸಿಯ ಮೀನು ಬಿಟ್ಟಲ್ಲಿ ದೊಡ್ಡ ಡ್ಯಾಫ್ನಿಯಗಳು (ನೀರುಚಿಗಟಗಳಲ್ಲೊಂದು ಗುಂಪು) ಕಾಣಲಿಲ್ಲ. ಕಣ್ಣಿಗೆ ಬೀಳುವಷ್ಟು ದೊಡ್ಡದನ್ನೇ ಮೀನು ಮೊದಲು ತಿನ್ನುತ್ತದೆ.

ಇವೆರಡೂ ನಿರೀಕ್ಷಿತವೇ. ತಲೆಕೆಡಿಸಿದ್ದು ಕಾಲುವೆಯ ಸಿಹಿನೀರು ವರ್ಷವಿಡೀ ತುಂಬಿಕೊಳ್ಳುವ ಹೊಂಡಗಳು. ಪ್ರತಿ ಹೊಂಡದಿಂದಲೂ ಒಂದೇ ಸಂಖ್ಯೆಯ ಜೀವಿಗಳನ್ನು ತೆಗೆದುಕೊಂಡು ಹೋಲಿಸಿದರೂ ಅಲ್ಲಿ ಜಾತಿಗಳು ಹೆಚ್ಚೇ ಇದ್ದವು. ವರದಿಯಲ್ಲಿ ಅದನ್ನು ‘ಸುಧಾರಣೆ’ ಎಂದು ಬರೆಯುವುದು ಬಹಳ ಸುಲಭ. ಹೆಸರುಗಳ ಪಟ್ಟಿ ಮುಂದಿಟ್ಟುಕೊಂಡಾಗ ಬೇರೆಯೇ ಕಂಡಿತು: ಬಂದವೆಲ್ಲ ಯಾವ ಸಿಹಿನೀರಿನಲ್ಲಾದರೂ ಸಿಗುವ ಜಾತಿಗಳು; ಸವುಳು ನೀರಿನವೂ ಒಣಗಿ ತುಂಬುವ ಹೊಂಡಗಳಿಗೆ ಒಗ್ಗಿದವೂ ಕಾಣೆಯಾಗಿದ್ದವು. ಅಂಥ ಹಲವು ಜಾತಿಗಳ ಸುಪ್ತ ಮೊಟ್ಟೆಗಳು ಒಮ್ಮೆ ಒಣಗಿ ಮತ್ತೆ ನೆನೆದರೆ ಮಾತ್ರ ಚೆನ್ನಾಗಿ ಒಡೆಯುತ್ತವೆ.

ಅನುಮಾನ ಪರಿಹಾರಕ್ಕೆ ಅದೇ ಹೊಂಡಗಳ ತಳದ ಕೆಸರನ್ನು ಒಣಗಿಸಿ, ತಟ್ಟೆಯಲ್ಲಿ ತೆಳುವಾಗಿ ಹರಡಿ, ನೀರು ಹಾಕಿ ಬೆಳಕಿನಲ್ಲಿಟ್ಟೆ. ಮೇಲಿನ ನೀರಿನಲ್ಲಿ ಸಿಗದ ಕೆಲವು ಜಾತಿಗಳು ತಟ್ಟೆಯಲ್ಲಿ ಈಜಿದವು. ಈ ಮೊಟ್ಟೆಗಳು ದಶಕಗಳವರೆಗೂ ಬದುಕಿರಬಲ್ಲವು. ಹಾಗಾಗಿ ನನ್ನ ಶಿಫಾರಸಿನಲ್ಲಿ ಎರಡೇ ಕೆಲಸ ಕೇಳಿದೆ: ಸಹಜವಾಗಿ ಒಣಗುವ ಕಾಲದಲ್ಲಿ ಕಾಲುವೆಯ ತೂಬನ್ನು ಮುಚ್ಚಿ, ಹೊಂಡ ಮತ್ತೆ ತುಂಬಿದ ಮೊದಲ ವಾರಗಳಲ್ಲೇ ಮಾದರಿ ತೆಗೆಯಬೇಕು.