ಎರಡು ಮಿಲಿಗ್ರಾಂ ಪ್ಲಾಟಿನಂ, ಬಳ್ಳಾರಿಯ ಬಿಸಿಲು

ಬಳ್ಳಾರಿಯ ನಮ್ಮ ಕಾಲೇಜು ಲ್ಯಾಬಿನ ಫ್ಯುಯೆಲ್ ಸೆಲ್, ಅಂದರೆ ಹೈಡ್ರೋಜನ್ ಮತ್ತು ಗಾಳಿಯ ಆಕ್ಸಿಜನ್ ಸೇರಿಸಿ ವಿದ್ಯುತ್ ಮಾಡುವ ಸಾಧನ, ಅಂಚೆ ಚೀಟಿಯಷ್ಟು, 5 ಚದರ ಸೆಂಟಿಮೀಟರ್. ನಡುವೆ ಮೆಂಬ್ರೇನ್ ಎಂಬ ತೆಳು ಹಾಳೆ, ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ. ಕ್ರಿಯೆ ಚುರುಕಾಗಲು ಎರಡೂ ಬದಿಗೆ ಪ್ಲಾಟಿನಂ ಬಳಿಯಬೇಕು. ಚದರ ಸೆಂಟಿಮೀಟರಿಗೆ 0.4 ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಬದಿಗೆ ಬೇಕಾದ ಪ್ಲಾಟಿನಂ 2 ಮಿಲಿಗ್ರಾಂ. ಒಂದು ಗುಲಗಂಜಿ ತೂಕದಲ್ಲಿ ಸುಮಾರು ಅರವತ್ತು ಬದಿ ಬಳಿಯಬಹುದು.

ಮೊದಲ ಸೆಲ್ 0.6 ವೋಲ್ಟ್‌ನಲ್ಲಿ ಒಂದೂವರೆ ಆಂಪಿಯರ್ ಕೊಟ್ಟು ಸುಸ್ತಾಯಿತು. "ಇನ್ನೊಂದು ಕೋಟ್ ಹೊಡೆಯೋಣ ಸರ್" ಎಂದರು ಹುಡುಗರು. ಹೊಡೆದೆವು. ಮುಳ್ಳು ಅಲ್ಲಾಡಲಿಲ್ಲ.

ಪ್ಲಾಟಿನಂ ಕಡಿಮೆ ಇರಲಿಲ್ಲ, ಸುಮ್ನೆ ಕೂತಿತ್ತು. ಅದರ ಒಂದೊಂದು ಕಣವೂ ಎರಡು ಮೂರು ನ್ಯಾನೋಮೀಟರ್. ಕಣ ಕೆಲಸ ಮಾಡಬೇಕಾದರೆ ಮೂರು ದಾರಿ ತೆರೆದಿರಬೇಕು: ಗಾಳಿಗೆ ರಂಧ್ರ, ಎಲೆಕ್ಟ್ರಾನಿಗೆ ಇಂಗಾಲ, ಪ್ರೋಟಾನಿಗೆ ಅದನ್ನು ಸಾಗಿಸುವ ನಾಫಿಯಾನ್ ಎಂಬ ಪ್ಲಾಸ್ಟಿಕ್. ಒಂದು ಬಂದ್ ಆದರೂ ಕಣ ಇದ್ದೂ ಇಲ್ಲದ ಹಾಗೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದವರು 1980ರ ದಶಕದಲ್ಲಿ ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಇದ್ದ ಪ್ಲಾಟಿನಂ ಅನ್ನು 0.4ಕ್ಕೆ ಇಳಿಸಿದ್ದೂ ಎಲೆಕ್ಟ್ರೋಡಿಗೆ, ಅಂದರೆ ಆ ಪ್ಲಾಟಿನಂ ಪದರಕ್ಕೆ, ನಾಫಿಯಾನ್ ಸೇರಿಸಿಯೇ.

ನಾವು ಅದನ್ನೇ ಅತಿ ಮಾಡಿದ್ದೆವು. ನಮ್ಮದು ಇಂಗಾಲದ ಮೇಲೆ ಪ್ಲಾಟಿನಂ ಕೂರಿಸಿದ ಶೇ 40ರ ಪುಡಿ. 5 ಮಿಲಿಗ್ರಾಂ ಪುಡಿಯಲ್ಲಿ 2 ಪ್ಲಾಟಿನಂ, 3 ಇಂಗಾಲ. ನಾಫಿಯಾನ್ ಹಾಕಬೇಕಾದ್ದು ಇಂಗಾಲದ ತೂಕದ 0.8 ಪಾಲು, ಅಂದರೆ 2.4. ನಾನು ಹಾಳೆಯಲ್ಲಿ ಇಂಗಾಲದ ಜಾಗದಲ್ಲಿ ಇಡೀ ಪುಡಿಯ ತೂಕ ಬರೆದಿದ್ದೆ. ಹೀಗಾಗಿ ಬಿದ್ದದ್ದು 4. ರಂಧ್ರಗಳೆಲ್ಲ ಮುಚ್ಚಿಹೋದವು. ಇಪ್ಪತ್ತು ವರ್ಷ ಪಾಠ ಮಾಡಿದವನ ಲೆಕ್ಕ ಇದು!

ಸೆಲ್ಲಿಗೆ ಬಳಿಯುವ ಈ ಪುಡಿಯ ದ್ರಾವಣಕ್ಕೆ ಇಂಕ್ ಅನ್ನುತ್ತೇವೆ. ಅದನ್ನು ಕಲಸುವಾಗ ಪುಡಿಗೆ ಮೊದಲು ನೀರು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್. ಒಮ್ಮೆ ಹುಡುಗನೊಬ್ಬ ಒಣ ಪುಡಿಗೆ ನೇರ ಆಲ್ಕೋಹಾಲ್ ಬಿಟ್ಟ. ಕಪ್ಪು ಪುಡಿಯ ಅಂಚು ಬೀಡಿ ತುದಿಯಂತೆ ಕೆಂಪಾಗಿ, ಭಗ್ ಎಂದು ಹತ್ತಿಕೊಂಡಿತು. ಪುಣ್ಯಕ್ಕೆ ಚಿಟಿಕೆ ಪುಡಿ.

ಏಪ್ರಿಲ್ ಬಂದರೆ ಬೇರೆ ರಗಳೆ. ಶಬ್ದದ ಅಲೆಗಳಿಂದ ಇಂಕ್ ಕದಡುವ ಸೋನಿಕೇಟರಿನ ನೀರು ಅರ್ಧ ಗಂಟೆಯಲ್ಲಿ ಬಿಸಿಯಾಗಿ ಇಂಕ್ ಗಂಟುಗಟ್ಟುತ್ತದೆ. ಎದುರಿನ ಕಬ್ಬಿನಹಾಲಿನ ಅಂಗಡಿಯಿಂದ ಐಸ್ ತಂದು ಸುತ್ತ ಹಾಕುತ್ತೇವೆ. ಸ್ಪ್ರೇ ಮಾಡುವಾಗ ಹನಿಗಳು ಮೆಂಬ್ರೇನ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಮಸಿಯಂತೆ ಉದುರುತ್ತಿದ್ದವು. ಬೆಳಗ್ಗೆ ಆರಕ್ಕೇ ಕೂತು, ಇಂಕಿನಲ್ಲಿ ನೀರಿನ ಪಾಲು ಹೆಚ್ಚಿಸಿ, ಗನ್ ಹತ್ತಿರ ಹಿಡಿದ ಮೇಲೆ ಸರಿಯಾಯಿತು. ಆಚೆ ಬಿದ್ದದ್ದನ್ನು ಬಟರ್ ಪೇಪರ್ ಸಮೇತ ಡಬ್ಬಿಯಲ್ಲಿ ಎತ್ತಿಡುತ್ತೇನೆ. ಅಕ್ಕಸಾಲಿಗರು ಅಂಗಡಿಯ ಕಸ ಬಿಸಾಕುವುದಿಲ್ಲ ಅಲ್ವಾ, ಹಾಗೆ.

ಆಮೇಲೆ ಹೈಡ್ರೋಜನ್ ಬದಿ. ಅಲ್ಲಿನ ಕೆಲಸ ಸಲೀಸು. ತಿಣುಕುವುದು ಆಕ್ಸಿಜನ್ ಬದಿಯೇ. ಹೈಡ್ರೋಜನ್ ಬದಿಯನ್ನು 0.4ರಿಂದ 0.1ಕ್ಕೆ ಇಳಿಸಿದೆವು. ವ್ಯತ್ಯಾಸವೇ ಕಾಣಲಿಲ್ಲ. ಸೆಲ್ಲಿಗೆ ಒಂದೂವರೆ ಮಿಲಿಗ್ರಾಂ ಉಳಿಯಿತು. ಇದನ್ನು ಮೊದಲೇ ಮಾಡಬೇಕಿತ್ತು.

ನಾಫಿಯಾನ್ ಲೆಕ್ಕ ಸರಿಮಾಡಿದ ಮೇಲೆ ಈಗ ಅದೇ 0.6 ವೋಲ್ಟ್‌ಗೆ ಮೂರು ಆಂಪಿಯರ್ ಹತ್ತಿರ ಬರುತ್ತಿದೆ. ಉಳಿದ ತಲೆನೋವು ಕರೆಂಟ್. ಅದು ಹೋಗಿ ಸೆಲ್ ನಿಂತರೆ ಹೈಡ್ರೋಜನ್ ಬದಿಗೆ ಗಾಳಿ ನುಸುಳುತ್ತದೆ. ಮತ್ತೆ ಹೈಡ್ರೋಜನ್ ಬಿಟ್ಟಾಗ ಆಕ್ಸಿಜನ್ ಬದಿಯ ಇಂಗಾಲ ಸವೆದು ಪ್ಲಾಟಿನಂ ಕಳಚಿಕೊಳ್ಳುತ್ತದೆ. ಅದಕ್ಕೇ ಗೋಡೆಗೆ ಚೀಟಿ ಅಂಟಿಸಿದ್ದೇನೆ: ಕರೆಂಟ್ ಹೋದರೆ ಮೊದಲು ಹೈಡ್ರೋಜನ್ ಬಂದ್, ಆಮೇಲೆ ಐದು ನಿಮಿಷ ನೈಟ್ರೋಜನ್. ವಾಪಸ್ ಶುರು ಮಾಡುವ ಮೊದಲೂ ಐದು ನಿಮಿಷ.