ಪಿಯಾನೊ ತಂತಿಗಳ ನಡುವೆ ಬೋಲ್ಟು, ರಬ್ಬರು: ಪ್ರಿಪೇರ್ಡ್ ಪಿಯಾನೊ ಸಜ್ಜು ಮಾಡುವ ಬಗೆ

ಗ್ರ್ಯಾಂಡ್ ಪಿಯಾನೊದ ತಂತಿಗಳ ನಡುವೆ ಬೋಲ್ಟೋ ರಬ್ಬರ್ ತುಂಡೋ ಸಿಕ್ಕಿಸಿ ಅದೇ ಕೀ ಒತ್ತಿದರೆ ಗಂಟೆಯಂಥ, ಜಾಗಟೆಯಂಥ, ಡೋಲಿನಂಥ ಸದ್ದು ಹೊರಡುತ್ತದೆ. ಇದೇ ಪ್ರಿಪೇರ್ಡ್ ಪಿಯಾನೊ. 1940ರಲ್ಲಿ ಸಿಯಾಟಲ್‌ನ ಕಾರ್ನಿಷ್ ಶಾಲೆಯಲ್ಲಿ ಸಿವಿಲ್ಲಾ ಫೋರ್ಟ್ ಅವರ ನೃತ್ಯಕ್ಕೆ ಸಂಗೀತ ಕಟ್ಟಬೇಕಿದ್ದ ಅಮೆರಿಕದ ಸಂಗೀತ ರಚನೆಕಾರ ಜಾನ್ ಕೇಜ್‌ಗೆ ತಾಳವಾದ್ಯಗಳ ತಂಡವೇ ಬೇಕಿತ್ತು, ಆದರೆ ರಂಗದಲ್ಲಿ ಅಷ್ಟಕ್ಕೆ ಜಾಗವಿರಲಿಲ್ಲ. ಇದ್ದದ್ದು ಒಂದು ಪಿಯಾನೊ. ತಂತಿಗಳ ಮೇಲಿಟ್ಟ ತಟ್ಟೆ ಕುಣಿದು ಸರಿಯಿತು, ಮೊಳೆ ಜಾರಿ ಬಿತ್ತು, ಥ್ರೆಡ್ ಇದ್ದ ಸ್ಕ್ರೂ ಮಾತ್ರ ಕಚ್ಚಿಕೊಂಡು ನಿಂತಿತು. ಈ ಕೆಲಸದ ಮೂಲ ನಿಯಮ ಅಲ್ಲೇ ಇದೆ: ಸಿಕ್ಕಿಸಿದ ವಸ್ತು ಕದಲಬಾರದು.

ಅಪ್‌ರೈಟ್ ಪಿಯಾನೊದಲ್ಲಿ ತಂತಿಗಳು ನೇರ ನಿಂತಿರುವುದರಿಂದ ಲೋಹದ ವಸ್ತುಗಳು ಜಾರಿ ಯಂತ್ರದೊಳಕ್ಕೆ ಬೀಳುತ್ತವೆ. ಅಲ್ಲಿ ರಬ್ಬರು, ಫೆಲ್ಟು (ದಪ್ಪ ಉಣ್ಣೆಬಟ್ಟೆ) ಸಾಕು. ಉಳಿದದ್ದಕ್ಕೆಲ್ಲ ಗ್ರ್ಯಾಂಡ್ ಬೇಕು. ಪಿಯಾನೊ ನಿಮ್ಮದಲ್ಲದಿದ್ದರೆ ಒಡೆಯರಿಗೂ ಅದರ ಶ್ರುತಿ ನೋಡಿಕೊಳ್ಳುವ ಟ್ಯೂನರ್‌ಗೂ ಮೊದಲೇ ತಿಳಿಸಿ, ಒಪ್ಪಿಗೆ ಪಡೆಯಿರಿ.

ಮೊದಲ ಸಲ ಎಂಟು–ಹತ್ತು ಕೀ ಮಾತ್ರ ಸಜ್ಜು ಮಾಡಿ. ಕೇಜ್ ತಮ್ಮ 1946–48ರ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ನಲ್ಲಿ 88ರ ಪೈಕಿ 45 ಕೀಗಳನ್ನು ಸಜ್ಜುಗೊಳಿಸಿದ್ದರು. (ಆ ಕೃತಿಯ ಹಿಂದೆ ನಮ್ಮ ರಸಸಿದ್ಧಾಂತದ ಸ್ಥಾಯಿಭಾವಗಳ ಚಿಂತನೆಯಿದೆ ಎಂಬುದನ್ನು ತಿಳಿದು ಕೇಳಿದರೆ ಕಿವಿ ಬೇರೆ ರೀತಿ ತೆರೆಯುತ್ತದೆ.) ಅಷ್ಟನ್ನು ಕೂರಿಸಲು ಗಂಟೆಗಟ್ಟಲೆ ಬೇಕು. ಹತ್ತಕ್ಕೇ ನಿಮ್ಮ ಒಂದು ಸಂಜೆ ಹೋಗುತ್ತದೆ.

ಬೇಕಾದ ಸಾಮಾನು: 4 ಮತ್ತು 5 ಮಿ.ಮೀ. ದಪ್ಪದ, 25ರಿಂದ 40 ಮಿ.ಮೀ. ಉದ್ದದ ಹಿತ್ತಾಳೆ ಬೋಲ್ಟುಗಳು ಆರು, ಅವಕ್ಕೆ ಸಡಿಲವಾಗಿ ಕೂರುವ ಒಂದೆರಡು ನಟ್ಟು, ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಕತ್ತರಿಸಿದ ನಾಲ್ಕಾರು ತುಂಡು, ಒಂದು ಫೆಲ್ಟ್ ಪಟ್ಟಿ, ಪ್ಲಾಸ್ಟಿಕ್ ಬೆಣೆ, ಅಳತೆಪಟ್ಟಿ, ಟಾರ್ಚು, ಹತ್ತಿಯ ಕೈಗವಸು. ಹಿತ್ತಾಳೆಯೇ ಏಕೆಂದರೆ ಅದು ತಂತಿಯ ಉಕ್ಕಿಗಿಂತ ಮೆದು, ಗೀರುವುದು ಕಡಿಮೆ. ಕೈಗವಸು ಏಕೆಂದರೆ ಬೆವರು ತಾಗಿದ ತಂತಿ ತುಕ್ಕು ಹಿಡಿಯುತ್ತದೆ. ಅಂಟು, ಅಂಟುಪಟ್ಟಿಗಳನ್ನು ತಂತಿಗೆ ತಾಗಿಸಲೇಬೇಡಿ. ಶುರು ಮಾಡುವ ಮುನ್ನ ಎಲ್ಲವನ್ನೂ ಎಣಿಸಿ ಬರೆದಿಡಿ.

ಈಗ ಜಾಗ. ಮಧ್ಯದಿಂದ ಮೇಲಿನ ಕೀಗಳಿಗೆ ತಲಾ ಮೂರು ತಂತಿ. ಬೋಲ್ಟ್ ಹಾಕಲು ಇವೇ ಸರಿ. ಕೆಳಗಿನ ಮಂದ್ರದ ತಂತಿಗಳಿಗೆ ತಾಮ್ರ ಸುತ್ತಿರುತ್ತದೆ. ಬೋಲ್ಟಿನ ಥ್ರೆಡ್ ಆ ಸುತ್ತನ್ನು ಕಿತ್ತುಹಾಕುತ್ತದೆ, ಜೊತೆಗೆ ಅವು ಬೇರೆ ತಂತಿಗಳ ಮೇಲೆ ಹಾದುಹೋಗುವುದರಿಂದ ಬೋಲ್ಟಿನ ತುದಿ ಕೆಳಗಿನದಕ್ಕೆ ತಾಗುತ್ತದೆ. ಅಲ್ಲಿ ರಬ್ಬರು, ಫೆಲ್ಟು ಮಾತ್ರ.

ಬಲ ಪೆಡಲ್ ಒತ್ತಿ ಹಿಡಿಯಿರಿ, ಇಲ್ಲವೇ ಇನ್ನೊಬ್ಬರಿಗೆ ಹಿಡಿಯಲು ಹೇಳಿ; ತಂತಿಯ ಮೇಲೆ ಕೂತು ಸದ್ದು ನಿಲ್ಲಿಸುವ ಡ್ಯಾಂಪರ್‌ಗಳು ಮೇಲೆದ್ದು ದಾರಿ ಬಿಡುತ್ತವೆ. ಡ್ಯಾಂಪರ್‌ಗಿಂತ ಆಚೆ, ಬ್ರಿಡ್ಜಿನ (ತಂತಿಗಳು ಒರಗಿ ಹಾದುಹೋಗುವ ಮರದ ಪಟ್ಟಿಯ) ಕಡೆಗೆ, ಬೆಣೆಯಿಂದ ಎರಡು ತಂತಿಗಳನ್ನು ಕೂದಲೆಳೆಯಷ್ಟು ಅಗಲಿಸಿ ಬೋಲ್ಟನ್ನು ಇಳಿಸಿ, ಬೆಣೆ ನಿಧಾನ ಹೊರತೆಗೆಯಿರಿ. ಉಕ್ಕಿನ ಸ್ಕ್ರೂಡ್ರೈವರಿನಿಂದ ಮೀಟುವುದು ಬೇಡವೇ ಬೇಡ. ಬೋಲ್ಟು ತಂತಿಗಳ ನಡುವಿನ ಅಂತರಕ್ಕಿಂತ ತುಸುವೇ ದಪ್ಪವಿರಬೇಕು. ತೆಳುವಾದರೆ ಝರ್ರೆನ್ನುತ್ತ ಜಾರಿ ಬೀಳುತ್ತದೆ, ದಪ್ಪವಾದರೆ ತಂತಿ ಬಾಗಿ ಶ್ರುತಿ ಕೆಡುತ್ತದೆ. ಕೀ ಒತ್ತಿದಾಗ ಹ್ಯಾಮರ್ (ಫೆಲ್ಟ್ ಹೊದಿಸಿದ ಪುಟ್ಟ ಸುತ್ತಿಗೆ) ತಂತಿಗೆ ಬಡಿಯುವ ಜಾಗದಲ್ಲಿ ಏನನ್ನೂ ಇಡಬೇಡಿ: ಅದರ ಫೆಲ್ಟು ಹರಿದರೆ ರಿಪೇರಿ ದೊಡ್ಡದು. ನುಡಿಸಿ ಕೈ ಎತ್ತಿದ ಮೇಲೂ ಸ್ವರ ನಿಲ್ಲದಿದ್ದರೆ ವಸ್ತು ಡ್ಯಾಂಪರ್ ಕೂರಲು ಬಿಡುತ್ತಿಲ್ಲ ಎಂದರ್ಥ, ಒಂದೆರಡು ಸೆಂ.ಮೀ. ದೂರ ಸರಿಸಿ.

ಯಾವ ಎರಡು ತಂತಿಗಳ ನಡುವೆ ಎಂಬುದು ಸಣ್ಣ ಸಂಗತಿಯಲ್ಲ. ಎಡಗಡೆಯಿಂದ ಎಣಿಸಿ ಎರಡನೆಯ ಮತ್ತು ಮೂರನೆಯ ತಂತಿಯ ನಡುವೆ ಬೋಲ್ಟ್ ಹಾಕಿ ಹಾಗೇ ನುಡಿಸಿದರೆ, ಬಿಡುವಾಗಿರುವ ಮೊದಲ ತಂತಿಯ ಸಹಜ ಸ್ವರವೂ ಬೋಲ್ಟಿನ ಸದ್ದೂ ಬೆರೆತು ಕೇಳುತ್ತವೆ. ಎಡ ಪೆಡಲ್ ಒತ್ತಿದರೆ ಹ್ಯಾಮರುಗಳು ಬಲಕ್ಕೆ ಸರಿದು ಮೊದಲ ತಂತಿ ತಪ್ಪಿಹೋಗುತ್ತದೆ, ಬರೀ ಬೋಲ್ಟಿನ ಸದ್ದು ಉಳಿಯುತ್ತದೆ. ಒಂದೇ ಕೀಗೆ ಎರಡು ಬಣ್ಣ! ಈ ಪೆಡಲನ್ನು ಬಳಸದವರು ಅರ್ಧ ವಾದ್ಯವನ್ನೇ ಬಿಟ್ಟಂತೆ.

ಮಿಲಿಮೀಟರುಗಳಲ್ಲಿ ಸರಿಸುತ್ತ ಕೇಳಿ. ಕಂಪಿಸುವ ಉದ್ದದ ಸರಿಯಾಗಿ ಅರ್ಧಕ್ಕೋ ಮೂರನೇ ಒಂದಕ್ಕೋ ರಬ್ಬರ್ ಕೂತರೆ ಮೇಲಿನ ಹಾರ್ಮೋನಿಕ್ (ಮೂಲ ಸ್ವರದೊಳಗಿನ ಎತ್ತರದ ಉಪಸ್ವರ) ಸ್ವಚ್ಛವಾಗಿ ನಿಲ್ಲುತ್ತದೆ, ಅಲ್ಲಿಂದ ಸರಿದರೆ ಒಣ ಬಡಿತವಾಗುತ್ತದೆ. ಬೋಲ್ಟು ಭಾರವಾದಷ್ಟೂ ಸದ್ದು ಜಾಗಟೆಯತ್ತ ಇಳಿಯುತ್ತದೆ, ಅದರ ಮೇಲೆ ಸಡಿಲ ನಟ್ಟು ಬಿಟ್ಟರೆ ಗಲಗಲ ಸೇರುತ್ತದೆ. ಕೂರಿಸಿದ್ದನ್ನೆಲ್ಲ ಪಟ್ಟಿ ಮಾಡಿ: ಕೀ, ವಸ್ತು, ಯಾವ ತಂತಿಗಳ ನಡುವೆ, ಡ್ಯಾಂಪರಿನಿಂದ ಎಷ್ಟು ಮಿ.ಮೀ. ಕೇಜ್ ಕೊಟ್ಟ ಪಟ್ಟಿಯೂ ಇದೇ ಬಗೆಯದು, ಅಂಗುಲಗಳಲ್ಲಿ. ಆದರೆ ಪಿಯಾನೊ ಬದಲಾದರೆ ತಂತಿಯ ಉದ್ದವೂ ಬದಲಾಗುತ್ತದೆ, ಅಂಕಿ ಹೊಂದದು. ಅಳತೆಯಿಂದ ಶುರು ಮಾಡಿ, ಕಿವಿಯಿಂದ ಮುಗಿಸಿ.

ಈ ಪಿಯಾನೊಗೆ ಸಂಗೀತ ಬರೆಯುವ ಮುನ್ನ ಪ್ರತಿ ಕೀಯನ್ನು ಐದು ಬಗೆಯ ಒತ್ತಿನಲ್ಲಿ ನುಡಿಸಿ ನೋಡಿ. ಮೆಲ್ಲಗೆ ಒತ್ತಿದಾಗ ಸ್ವರ ಕೇಳಿಸಿದ ಕೀ, ಜೋರಾಗಿ ಹೊಡೆದಾಗ ಗದ್ದಲವಾಗಬಹುದು. ಇಲ್ಲಿನ ಹೆಚ್ಚಿನ ಸದ್ದುಗಳು ಬೇಗ ಆರಿಹೋಗುತ್ತವೆ; ದೀರ್ಘ ಸ್ವರ ಬರೆದರೆ ಅಲ್ಲಿ ಮೌನವೇ ಉಳಿಯುತ್ತದೆ. ಲಯದಿಂದಲೇ ಕಟ್ಟಿ. ಕೇಜ್ ಇಂಥ ಕೃತಿಗಳ ಚೌಕಟ್ಟನ್ನು ಹಾರ್ಮನಿಯ (ಸ್ವರಗಳ ಮೇಳದ) ಬದಲು ಕಾಲದ ಅಳತೆಗಳ ಮೇಲೆ ನಿಲ್ಲಿಸಿದ್ದರು.

ನಡುವೆ ಏನಾದರೂ ತಂತಿಗಳ ಕೆಳಗಿನ ಮರದ ಹಲಗೆಯಾದ ಸೌಂಡ್‌ಬೋರ್ಡಿನ ಮೇಲೆ ಬಿದ್ದರೆ ನುಡಿಸುವುದನ್ನು ನಿಲ್ಲಿಸಿ. ಆಯಸ್ಕಾಂತಕ್ಕೆ ಹಿತ್ತಾಳೆ ಅಂಟದು. ಉದ್ದದ ತೆಳು ಕಡ್ಡಿಯ ತುದಿಗೆ ಅಂಟುಪಟ್ಟಿಯನ್ನು ಹೊರಮುಖವಾಗಿ ಸುತ್ತಿ, ತಂತಿಗೆ ತಾಗದಂತೆ ಇಳಿಸಿ ಮೇಲೆತ್ತಿ.

ಮುಗಿದ ದಿನವೇ ಎಲ್ಲವನ್ನೂ ತೆಗೆಯಿರಿ. ಮತ್ತೆ ಬಲ ಪೆಡಲ್ ಒತ್ತಿ, ಬೆಣೆಯಿಂದ ತಂತಿ ಅಗಲಿಸಿಯೇ ಬೋಲ್ಟ್ ಎತ್ತಿ, ತಿರುಚಿ ಎಳೆಯಬೇಡಿ. ಮೊದಲು ಬರೆದಿಟ್ಟ ಎಣಿಕೆಗೆ ಹೋಲಿಸಿ, ಎಡ ಪೆಡಲ್ ಒತ್ತಿಯೂ ಒತ್ತದೆಯೂ 88 ಕೀಗಳನ್ನು ಒಂದೊಂದಾಗಿ ನುಡಿಸಿ ಕೇಳಿ. ಶ್ರುತಿ ಜಾರಿದ ಕೀಗಳ ಪಟ್ಟಿಯನ್ನು ಟ್ಯೂನರ್ ಕೈಗೆ ಕೊಡಿ.